ಕೊಡಗಿನಿಂದ ಕರಾವಳಿಗೆ ಫೋಟೋಗ್ರಫಿ ಕಾರ್ಯಾಗಾರ: ಯಾವ ತೀರ, ಯಾವ ದಿನ, ಏನೇನು ತಯಾರಿ? (ಚರ್ಚೆ; ಪ್ರತಿ ಬರಹದ ಮೇಲಿರುವುದು ಬರೆದವರ ಅಡ್ಡಹೆಸರು)

ಗೋಣಿಕೊಪ್ಪದ ಬೆಳಕು
ಆರು ಜನರಿಗೆ ಎರಡು ದಿನದ ಸಮುದ್ರ ಕಾರ್ಯಾಗಾರ ನಡೆಸುವ ಯೋಚನೆ ಇದೆ. ಎಲ್ಲರೂ ಕೊಡಗಿನವರೇ. ಮಂಜು, ತೋಟ, ಜಲಪಾತ ತೆಗೆದು ಕೈ ಪಳಗಿದೆ. ಮ್ಯಾನುವಲ್ ಮೋಡ್ ಹೇಳಿಕೊಡಬೇಕಾಗಿಲ್ಲ. ಕಡಲು ಮಾತ್ರ ಹೊಸದು. ಡಿಸೆಂಬರ್ ಎರಡನೇ ಶನಿವಾರ ಹೊರಡುವುದು, ಮೋಡ–ಮಳೆ ಆದರೆ ಮುಂದಿನ ಶನಿವಾರಕ್ಕೆ ಹಾಕುವುದು ಅಂತ ಸದ್ಯದ ಲೆಕ್ಕ. ಯಾವ ತೀರ ಒಳ್ಳೆಯದು, ಯಾವ ಫಿಲ್ಟರ್ ತರಲು ಹೇಳಬೇಕು, ತಲೆಗೆ ಎಷ್ಟು ಹಣ ಇಡಬೇಕು? ತಿಳಿದವರು ಹೇಳಿ.

ಉಳ್ಳಾಲ ತೀರ
ಮೊದಲು ಆ "ಮುಂದಿನ ಶನಿವಾರ" ತೆಗೆದು ಹಾಕಿ ಮಾರಾಯ್ರೆ.

ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಭರತ (ಉಬ್ಬರ), ಎರಡು ಇಳಿತ. ಒಂದು ಪೂರ್ತಿ ಸುತ್ತಿಗೆ ಸುಮಾರು 24 ಗಂಟೆ 50 ನಿಮಿಷ ಬೇಕು. ಅಂದರೆ ಇವತ್ತು ಸಂಜೆ 6ಕ್ಕೆ ಇಳಿತವಿದ್ದರೆ ನಾಳೆ 6.50ರ ಹೊತ್ತಿಗೆ. ಏಳು ದಿನಕ್ಕೆ ಇದು ಆರು ಗಂಟೆಯಷ್ಟು ಜಾರುತ್ತದೆ. ಹಾಗಾಗಿ ಈ ಶನಿವಾರ ಸೂರ್ಯಾಸ್ತಕ್ಕೆ ಇಳಿತವಿದ್ದರೆ ಮುಂದಿನ ಶನಿವಾರ ಅದೇ ಹೊತ್ತಿಗೆ ಭರತದ ನೀರು ನಿಂತಿರುತ್ತದೆ. ನೀವು ನೋಡಿಟ್ಟ ಬಂಡೆ ಮುಳುಗಿರುತ್ತದೆ, ಗುಂಪು ನಿಲ್ಲಲು ಜಾಗ ಇರುವುದಿಲ್ಲ. ಮುಂದೂಡುವುದಾದರೆ ಎರಡು ವಾರ ಮುಂದೂಡಿ, ಇಳಿತದ ಹೊತ್ತು ಹೆಚ್ಚುಕಡಿಮೆ ಅದೇ ಜಾಗಕ್ಕೆ ಬರುತ್ತದೆ.

ಬಂಡೆಗಳಿರುವ ಕಡೆ ಬೇಕಾದದ್ದು ಇಳಿಯುತ್ತಿರುವ ನೀರು. ಸೂರ್ಯಾಸ್ತಕ್ಕೆ ಒಂದೂವರೆ ಗಂಟೆ ಮೊದಲಿನಿಂದ ನೀರು ಇಳಿಯುತ್ತಾ ಹೋಗಿ, ಕತ್ತಲಾದ ಮೇಲೆ ತಳ ಮುಟ್ಟುವಂಥ ದಿನ ಹುಡುಕಿ. ಆಗ ಬಂಡೆಯ ಮೇಲೆ ಹೊಸ ಹೆಜ್ಜೆ ಗುರುತಿರುವುದಿಲ್ಲ, ಒದ್ದೆ ಮೇಲ್ಮೈ ಆಕಾಶದ ಬಣ್ಣ ಹಿಡಿಯುತ್ತದೆ, ಎಲ್ಲಕ್ಕಿಂತ ಮುಖ್ಯವಾಗಿ ವಾಪಸು ಬರುವ ದಾರಿ ಅಗಲವಾಗುತ್ತಾ ಹೋಗುತ್ತದೆ. ಏರುವ ನೀರಿನಲ್ಲಿ ಇದಕ್ಕೆ ಉಲ್ಟಾ: ಕಣ್ಣು ಆಕಾಶದ ಮೇಲೆ, ಹಿಂದಿನ ಓಣಿಯಲ್ಲಿ ನೀರು. ಬರೀ ಮರಳಿನ ತೀರದಲ್ಲಾದರೆ ಇಷ್ಟು ಲೆಕ್ಕ ಬೇಡ.

ಹುಣ್ಣಿಮೆ, ಅಮಾವಾಸ್ಯೆಯ ಆಚೀಚೆ ಏರಿಳಿತದ ಅಂತರ ದೊಡ್ಡದು, ಅಷ್ಟಮಿಯ ಆಸುಪಾಸಿನಲ್ಲಿ ಚಿಕ್ಕದು. ಸರ್ವೆ ಆಫ್ ಇಂಡಿಯಾ ಪ್ರತಿವರ್ಷ ಉಬ್ಬರವಿಳಿತದ ಕೋಷ್ಟಕ ಪ್ರಕಟಿಸುತ್ತದೆ, ಮೊಬೈಲ್ ಆ್ಯಪ್‌ಗಳೂ ಬೇಕಾದಷ್ಟಿವೆ. ಆದರೆ ಆ್ಯಪ್‌ನಲ್ಲಿ ಯಾವ ಬಂದರಿನ ಲೆಕ್ಕ ತೋರಿಸುತ್ತಿದೆ ಅಂತ ನೋಡಿಕೊಳ್ಳಿ.

ಕರಿಕೆ ದಾರಿ
ಜಾಗದ ಬಗ್ಗೆ. ಕೊಡಗಿನಿಂದ ಕಡಲಿಗೆ ಮೂರು ಇಳಿಜಾರು. ಸಂಪಾಜೆ–ಸುಳ್ಯದ ಮೂಲಕ ಮಂಗಳೂರು (ಮಡಿಕೇರಿಯಿಂದ ಸುಮಾರು 140 ಕಿ.ಮೀ.), ವಿರಾಜಪೇಟೆ–ಮಾಕುಟ್ಟದ ಮೂಲಕ ಇರಿಟ್ಟಿ, ಕಣ್ಣೂರು, ಇನ್ನೊಂದು ಭಾಗಮಂಡಲ–ಕರಿಕೆ–ಪಾಣತ್ತೂರಿನಿಂದ ಕಾಞಂಗಾಡ್. ಕಡಲು ಎಂದರೆ ಮಂಗಳೂರು ಎಂದೇ ಎಲ್ಲರ ತಲೆಯಲ್ಲಿ. ಗೋಣಿಕೊಪ್ಪದವರಿಗೆ ಕಣ್ಣೂರೇ ಹತ್ತಿರ.

ಬೇಕಲ ಕೋಟೆ: ಕಾಞಂಗಾಡಿನಿಂದ ಸ್ವಲ್ಪ ಉತ್ತರಕ್ಕೆ. ಕಡಲಿಗೆ ಚಾಚಿದ ಕೊತ್ತಲ, ಕೆಳಗೆ ಬಂಡೆ, ಎರಡೂ ಬದಿ ಮರಳು; ಒಂದೇ ಜಾಗದಲ್ಲಿ ಮೂರು ಪಾಠ. ಆದರೆ ಕೋಟೆ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯದ್ದು, ಒಳಗೆ ಟ್ರೈಪಾಡ್ ಇಡಲು ಮೊದಲೇ ಅನುಮತಿ ಬೇಕು, ಸಂಜೆ ಬಾಗಿಲು ಹಾಕುತ್ತಾರೆ. ಸೂರ್ಯಾಸ್ತಕ್ಕೆ ಹೊರಗಿನ ಬೀಚಿನಿಂದ ಕೋಟೆಯನ್ನು ನೋಡುವುದೇ ಸರಿ.

ಮುಳಪ್ಪಿಲಂಗಾಡ್: ಕಣ್ಣೂರು–ತಲಶ್ಶೇರಿ ನಡುವೆ, ಕಾರು ಓಡಿಸಬಹುದಾದ ಗಟ್ಟಿ ಮರಳು. ಪ್ರತಿಬಿಂಬದ ಪಾಠಕ್ಕೆ ಒಳ್ಳೆಯದು. ಕಾರನ್ನು ಮಾತ್ರ ಮೇಲೆಯೇ ನಿಲ್ಲಿಸಿ. ಉಪ್ಪುನೀರು ಹಾರಿ ಅಡಿಭಾಗ ತುಕ್ಕು ಹಿಡಿದರೆ ಕಾರ್ಯಾಗಾರದ ಲಾಭವೆಲ್ಲ ಗ್ಯಾರೇಜಿಗೆ. ಪಕ್ಕದ ಧರ್ಮಡಂ ದ್ವೀಪಕ್ಕೆ ಇಳಿತದಲ್ಲಿ ನಡೆದು ಹೋಗಲು ಆಗುತ್ತದೆ, ಗುಂಪು ಕರೆದುಕೊಂಡು ಹೋಗಬೇಡಿ.

ಕಾಪು: 1901ರ ದೀಪಸ್ತಂಭ, ಬಂಡೆಯ ಮೇಲೆಯೇ ನಿಂತಿದೆ. ಮುನ್ನೆಲೆ, ನಡುವಿನ ವಸ್ತು, ಆಕಾಶ ಎಂದು ಬೋರ್ಡಿನ ಮೇಲೆ ಬರೆಯುವುದೆಲ್ಲ ಇಲ್ಲಿ ಕಣ್ಣೆದುರೇ ಇದೆ. ರಜೆಯ ಸಂಜೆ ಜನಜಾತ್ರೆ, ಬೆಳಿಗ್ಗೆ ಖಾಲಿ.

ಮಲ್ಪೆಯ ಸೇಂಟ್ ಮೇರೀಸ್ ದ್ವೀಪದ ಕಂಬಗಲ್ಲು ಎಲ್ಲರಿಗೂ ಬೇಕು. ಲಾವಾ ತಣ್ಣಗಾಗಿ ಸೀಳಿ ಆದ ರಚನೆ, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಆದರೆ ದೋಣಿ ಹಗಲು ಹೊತ್ತಿನಲ್ಲಷ್ಟೇ, ಮಳೆಗಾಲದಲ್ಲಿ ಬಂದ್. ಸಿಗುವುದು ನೆತ್ತಿಯ ಬಿಸಿಲು. ಕಪ್ಪುಬಿಳುಪು ಕಲಿಸುವವರಿಗೆ ಸರಿ, ಸಂಜೆಗೆಂಪು ಬೇಕಾದವರಿಗೆ ಅಲ್ಲ. ಮರವಂತೆ (ಹೆದ್ದಾರಿಯ ಒಂದು ಬದಿ ಕಡಲು, ಇನ್ನೊಂದು ಬದಿ ಸೌಪರ್ಣಿಕಾ) ಎರಡು ದಿನಕ್ಕೆ ದೂರವಾಯಿತು.

ವಿರಾಜಪೇಟೆ ಲೆಕ್ಕ
ಡಿಸೆಂಬರ್ ಅಂದರೆ ಅರೇಬಿಕಾ ಕುಯ್ಲು. ತೋಟದವರು ಯಾರು ಬರುತ್ತಾರೆ? ಜನವರಿ ಬಂದರೆ ರೊಬಸ್ಟಾ. ಅದರ ಮೇಲೆ ನಮ್ಮ ಸುಗ್ಗಿ ಹಬ್ಬ ಪುತ್ತರಿ ಬರುವುದು ಹುಣ್ಣಿಮೆಯ ಆಸುಪಾಸಿಗೆ. ಏರಿಳಿತ ಚೆನ್ನಾಗಿದೆ ಎಂದು ಆ ದಿನ ಇಟ್ಟರೆ ಬಸ್ಸಿನಲ್ಲಿ ನೀವೊಬ್ಬರೇ.

ಆಕಾಶದ ಲೆಕ್ಕದಲ್ಲೂ ಅಕ್ಟೋಬರ್ ಕೊನೆ, ನವೆಂಬರ್ ಮೊದಲರ್ಧ ಉತ್ತಮ. ಮುಂಗಾರು ಹೋಗಿ ಗಾಳಿ ತೊಳೆದಂತಿರುತ್ತದೆ, ಹಿಂಗಾರಿನ ಮೋಡ ಮೇಲಿರುತ್ತದೆ. ಡಿಸೆಂಬರ್–ಫೆಬ್ರುವರಿಯಲ್ಲಿ ಬಹುಪಾಲು ಸಂಜೆ ಬೋಳು ಆಕಾಶ, ದಿಗಂತದಲ್ಲಿ ಮಬ್ಬು. ಸೂರ್ಯ ಕಡಲು ಮುಟ್ಟುವ ಮೊದಲೇ ಮಬ್ಬಿನಲ್ಲಿ ಕರಗುತ್ತಾನೆ. ಏಪ್ರಿಲ್–ಮೇ ಸಂಜೆಯ ಗುಡುಗು ಮೋಡ ಅದ್ಭುತ, ಆದರೆ ಸಿಡಿಲಿನ ಕೆಳಗೆ ಬಯಲಿನಲ್ಲಿ ಟ್ರೈಪಾಡ್ ಹಿಡಿದು ನಿಲ್ಲಿಸುವ ಹಾಗಿಲ್ಲ. ಜೂನ್–ಆಗಸ್ಟ್‌ನಲ್ಲಿ ಕಡಲೂ ಬೇಡ, ಘಾಟಿಯೂ ಬೇಡ. 2018ರ ಆಗಸ್ಟ್‌ನಲ್ಲಿ ಜೋಡುಪಾಲದ ಕಡೆ ಗುಡ್ಡ ಕುಸಿದು ಮಂಗಳೂರು ರಸ್ತೆ ಏನಾಯಿತು ಅಂತ ಇಲ್ಲಿನವರಿಗೆ ಹೇಳಬೇಕಾಗಿಲ್ಲ.

ಹಣದ ವಿಚಾರ ಆಮೇಲೆ ಬರೆಯುತ್ತೇನೆ.

ಗೋಣಿಕೊಪ್ಪದ ಬೆಳಕು
ನವೆಂಬರ್‌ಗೇ ತರುತ್ತೇನೆ, ಕೋಷ್ಟಕ ನೋಡಿ ದಿನ ಹಿಡಿಯುತ್ತೇನೆ. ಫಿಲ್ಟರ್? ಇಬ್ಬರ ಹತ್ತಿರ ತಿರುಗಿಸಿ ಬೆಳಕು ತಗ್ಗಿಸುವ ವೇರಿಯೇಬಲ್ ಎನ್‌ಡಿ ಇದೆ, ಉಳಿದವರ ಹತ್ತಿರ ಏನೂ ಇಲ್ಲ.

ಚಿಕ್ಲಿಹೊಳೆ
ಎಲ್ಲರಿಗೂ 6 ಸ್ಟಾಪ್ ಒಂದು (ಎನ್‌ಡಿ64), ಸಾಧ್ಯವಾದರೆ 3 ಸ್ಟಾಪ್ ಇನ್ನೊಂದು. ಒಂದೊಂದು ಸ್ಟಾಪಿಗೂ ಬೆಳಕು ಅರ್ಧವಾಗುತ್ತದೆ. ಇಷ್ಟು ಸಾಕು. 10 ಸ್ಟಾಪ್ ಆಮೇಲಿನ ಮಾತು.

ಕಾರಣ ಲೆಕ್ಕದಲ್ಲಿದೆ. ಐಎಸ್‌ಒ 100, ಎಫ್/11ರಲ್ಲಿ ಸೂರ್ಯಾಸ್ತದ ಹೊತ್ತಿಗೆ ಫಿಲ್ಟರ್ ಇಲ್ಲದೆ 1/30 ಸೆಕೆಂಡ್ ಬಂತು ಎಂದಿಟ್ಟುಕೊಳ್ಳಿ. 3 ಸ್ಟಾಪ್ ಹಾಕಿದರೆ 1/4 ಸೆಕೆಂಡ್, 6 ಸ್ಟಾಪ್ ಹಾಕಿದರೆ 2 ಸೆಕೆಂಡ್, 10 ಸ್ಟಾಪ್ ಹಾಕಿದರೆ ಅರ್ಧ ನಿಮಿಷಕ್ಕೂ ಜಾಸ್ತಿ. ತೆರೆ ವಾಪಸು ಹೋಗುವಾಗ ಮರಳಿನ ಮೇಲೆ ಎಳೆಯುವ ಬಿಳಿ ಗೆರೆಗಳು ಬರುವುದು 1/4ರಿಂದ 1 ಸೆಕೆಂಡ್ ಒಳಗೆ. 2 ಸೆಕೆಂಡ್ ದಾಟಿದರೆ ಗೆರೆ ಕಲಸಿಹೋಗುತ್ತದೆ, ಅರ್ಧ ನಿಮಿಷಕ್ಕೆ ಕಡಲು ಮಂಜಾಗುತ್ತದೆ. ಮಂಜು ನಮ್ಮ ಕೊಡಗಿನಲ್ಲೇ ಬೇಕಾದಷ್ಟಿದೆ, ಅದಕ್ಕೆ ಕಡಲಿಗೆ ಹೋಗಬೇಕೇ? ಬಂಡೆಗೆ ಹೊಡೆದು ಚಿಮ್ಮುವ ನೀರಿಗಂತೂ ಫಿಲ್ಟರೇ ಬೇಡ, 1/1000 ಸಾಕು.

ವೇರಿಯೇಬಲ್ ಎನ್‌ಡಿ ತರುವವರಿಗೆ ಎಚ್ಚರಿಕೆ: ಅದು ಎರಡು ಪೋಲರೈಸರ್ ಗಾಜು. ಅಗಲ ಲೆನ್ಸಿನಲ್ಲಿ ಕೊನೆಯವರೆಗೆ ತಿರುಗಿಸಿದರೆ ಚಿತ್ರದ ನಡುವೆ ಕಪ್ಪು ಕತ್ತರಿ ಗುರುತು ಬೀಳುತ್ತದೆ. ತಿರುಗುವ ಅರ್ಧದೊಳಗೇ ಬಳಸಲಿ.

ಗಮನಿಸಬೇಕಾದ ವ್ಯತ್ಯಾಸ ಇನ್ನೊಂದಿದೆ. ಜಲಪಾತದಲ್ಲಿ ಒಂದು ಸೆಕೆಂಡ್ ಯಾವಾಗ ಒತ್ತಿದರೂ ಒಂದೇ, ನೀರು ಒಂದೇ ಸಮ ಬೀಳುತ್ತಿರುತ್ತದೆ. ಕಡಲಿನಲ್ಲಿ ಅದೇ ಶಟರ್ ವೇಗಕ್ಕೆ ಹತ್ತು ಚಿತ್ರ ಹತ್ತು ಥರ. ತೆರೆ ಮೇಲೇರಿ ಒಂದು ಕ್ಷಣ ನಿಲ್ಲುತ್ತದಲ್ಲ, ಅದು ಹಿಂದಕ್ಕೆ ಹೊರಟ ಕೂಡಲೇ ಒತ್ತಬೇಕು. ಮುಂದಕ್ಕೆ ಬರುವಾಗ ಒತ್ತಿದರೆ ಬರೀ ಬಿಳಿ ನೊರೆ, ಮುನ್ನೆಲೆ ಸುಟ್ಟುಹೋಗುತ್ತದೆ. ರಿಮೋಟ್ ಇಲ್ಲದವರು 2 ಸೆಕೆಂಡ್ ಟೈಮರ್ ಇಟ್ಟುಕೊಂಡರೆ ಈ ಕ್ಷಣ ತಪ್ಪುತ್ತದೆ; ಕೇಬಲ್ ರಿಲೀಸ್ ಕಡ್ಡಾಯ ಮಾಡಿ.

ಫೋಕಸ್: ಫುಲ್ ಫ್ರೇಮಿನಲ್ಲಿ 16 ಮಿ.ಮೀ., ಎಫ್/11 ಇದ್ದರೆ 80 ಸೆಂ.ಮೀ. ದೂರಕ್ಕೆ ಫೋಕಸ್ ಮಾಡಿ ಮ್ಯಾನುವಲ್‌ಗೆ ಹಾಕಿಬಿಡಿ. ಸುಮಾರು 40 ಸೆಂ.ಮೀ.ನಿಂದ ದಿಗಂತದವರೆಗೆ ಸ್ಪಷ್ಟವಾಗಿರುತ್ತದೆ. ಎಫ್/22ಕ್ಕೆ ಹೋದರೆ ಕಿಂಡಿ ತೀರಾ ಚಿಕ್ಕದಾಗಿ ಡಿಫ್ರ್ಯಾಕ್ಷನ್‌ನಿಂದ ಎಲ್ಲವೂ ಮೃದುವಾಗುತ್ತದೆ, ಲೆನ್ಸಿನ ಮೇಲಿನ ಪ್ರತಿ ಹನಿಯೂ ಎದ್ದು ಕಾಣುತ್ತದೆ. ಗ್ರ್ಯಾಜುಯೇಟೆಡ್ ಫಿಲ್ಟರ್ (ಮೇಲರ್ಧ ಮಾತ್ರ ಗಾಢವಾದದ್ದು) ಇಲ್ಲದವರು ಆಕಾಶಕ್ಕೊಂದು, ನೀರಿಗೊಂದು ಚಿತ್ರ ತೆಗೆದು ಆಮೇಲೆ ಜೋಡಿಸಲಿ. ಮೂರು ಬ್ರಾಕೆಟ್ (ಬೆಳಕು ಹೆಚ್ಚುಕಡಿಮೆ ಮಾಡಿದ ಮೂರು ಚಿತ್ರ) ತೆಗೆದು ತಾನಾಗಿ ಎಚ್‌ಡಿಆರ್ ಮಾಡಿದರೆ ಮೂರು ತೆರೆಗಳೂ ಒಂದರ ಮೇಲೊಂದು ಬಂದು ನೀರು ಹರಿದ ಬಟ್ಟೆಯ ಹಾಗೆ ಕಾಣುತ್ತದೆ.

ಹೋಗುವ ಮೊದಲಿನ ವಾರ ಕುಶಾಲನಗರದ ಹತ್ತಿರ ಚಿಕ್ಲಿಹೊಳೆ ಜಲಾಶಯದಲ್ಲಿ ಒಂದು ಸಂಜೆ ಅಭ್ಯಾಸ ಮಾಡಿಸಿ. ಪಶ್ಚಿಮದ ಬೆಳಕು, ತೆರೆದ ನೀರು. ಫಿಲ್ಟರ್ ಹಾಕುವುದು, ತೆಗೆಯುವುದು, ಲೆಕ್ಕ ಮಾಡುವುದು ಅಲ್ಲೇ ಕೈಗೆ ಬಂದರೆ ಕಡಲ ದಡದಲ್ಲಿ ತೆರೆ ನೋಡಲು ಸಮಯ ಉಳಿಯುತ್ತದೆ.

ಸಂಪಾಜೆ ಇಳಿಜಾರು
10 ಸ್ಟಾಪನ್ನು ಪೂರ್ತಿ ಕಡೆಗಣಿಸುವುದು ನನಗೆ ಒಪ್ಪಿಗೆ ಇಲ್ಲ. ಬೆಳಿಗ್ಗೆ ಒಂಬತ್ತರ ಬಿಸಿಲಿನಲ್ಲಿ, ಮೋಡ ಓಡುತ್ತಿರುವಾಗ, ಒಂದು ಒಂಟಿ ಬಂಡೆ ಇಟ್ಟುಕೊಂಡು ಹತ್ತು–ಹದಿನೈದು ಸೆಕೆಂಡಿನ ಎಕ್ಸ್‌ಪೋಷರ್ ಕಲಿಸಲು ಬೇರೆ ದಾರಿ ಇಲ್ಲ. ಕಲಿಯುವವರ ಮುಂದೆ ಒಂದಾದರೂ ಇರಲಿ, ಕೈ ಬದಲಿಸಿ ಬಳಸಲಿ. ಮೊದಲು ಚೌಕಟ್ಟು, ಫೋಕಸ್, ಆಮೇಲೆ ಫಿಲ್ಟರ್. ಹಾಕಿದ ಮೇಲೆ ಫೋಕಸ್ ಮಾಡಲು ಹೊರಟರೆ ಏನೂ ಕಾಣುವುದಿಲ್ಲ. ಡಿಎಸ್‌ಎಲ್‌ಆರ್ ಆದರೆ ಕಣ್ಣುಗಿಂಡಿ ಮುಚ್ಚಬೇಕು, ಇಲ್ಲದಿದ್ದರೆ ಹಿಂದಿನಿಂದ ಬೆಳಕು ನುಗ್ಗಿ ನಡುವೆ ನೇರಳೆ ಪಟ್ಟಿ. ಲಾಂಗ್ ಎಕ್ಸ್‌ಪೋಷರ್ ನಾಯ್ಸ್ ರಿಡಕ್ಷನ್ (ಚಿತ್ರದ ಕಾಳು ತೆಗೆಯುವ ಸೌಲಭ್ಯ) ಆನ್ ಇದ್ದರೆ ಎರಡು ನಿಮಿಷದ ಚಿತ್ರಕ್ಕೆ ಕ್ಯಾಮೆರಾ ಇನ್ನೆರಡು ನಿಮಿಷ ಕೈಕೊಡುತ್ತದೆ, ಸೂರ್ಯಾಸ್ತದ ಹೊತ್ತಿಗೆ ಅದನ್ನು ಆಫ್ ಮಾಡಿ.

ಮರಳಿನಲ್ಲಿ ಟ್ರೈಪಾಡ್: ಕೆಳಗಿನ ಸಪೂರ ಭಾಗವನ್ನು ಮೊದಲು ಪೂರ್ತಿ ಎಳೆಯಿರಿ, ಆಗ ಕೀಲು ಉಪ್ಪುನೀರಿನಿಂದ ಮೇಲಿರುತ್ತದೆ. ಕಾಲುಗಳನ್ನು ಒತ್ತಿ ಹೂಳಿ, ಒಂದು ತೆರೆ ಬಂದು ಹೋಗಲು ಬಿಡಿ, ಆಮೇಲೆ ಮಟ್ಟ ನೋಡಿ. ವಾಪಸು ಹೋಗುವ ನೀರು ಕಾಲಿನ ಸುತ್ತ ಮರಳು ಕೊರೆಯುತ್ತದೆ. ಮೊದಲ ಚಿತ್ರ ನೇರ, ಐದನೆಯದು ವಾಲಿರುವುದು ಇದರಿಂದಲೇ. ನಡುಕಂಬ ಎತ್ತಲೇಬೇಡಿ.

ಉಳ್ಳಾಲ ತೀರ
ಬೆಳಗಿನ ಬಗ್ಗೆ ಯಾರೂ ಹೇಳಲಿಲ್ಲ. ನಮ್ಮ ಕಡಲು ಪಶ್ಚಿಮಕ್ಕಿದೆ ಎಂದು ಎಲ್ಲರೂ ಬೆಳಿಗ್ಗೆ ಮಲಗಿರುತ್ತಾರೆ. ಸೂರ್ಯೋದಯಕ್ಕೆ ಹದಿನೈದು–ಇಪ್ಪತ್ತು ನಿಮಿಷ ಮೊದಲು ಕಡಲಿನ ಕಡೆ ನೋಡಿ: ದಿಗಂತದ ಮೇಲೆ ನೀಲಿಬೂದು ಪಟ್ಟಿ, ಅದರ ಮೇಲೆ ಗುಲಾಬಿ. ಕೆಳಗಿನದ್ದು ಭೂಮಿಯದೇ ನೆರಳು. ಬೆಳಕು ಸಮವಾಗಿರುವುದರಿಂದ ಗ್ರ್ಯಾಜುಯೇಟೆಡ್ ಫಿಲ್ಟರೂ ಬೇಡ. ಸಂಜೆಯಲ್ಲಿ ಸೂರ್ಯ ಮುಳುಗಿದ ಕೂಡಲೇ ಬ್ಯಾಗ್ ಕಟ್ಟಬಾರದು. ನಮ್ಮ ಅಕ್ಷಾಂಶದಲ್ಲಿ ಮುಸ್ಸಂಜೆ ಇಪ್ಪತ್ತು ನಿಮಿಷ ಚಿಲ್ಲರೆ ಮಾತ್ರ, ಬಣ್ಣ ಏರುವುದು ಅದರೊಳಗೇ.

ಇನ್ನು ಸುರಕ್ಷೆ. ಬಂಡೆಗೆ ಇಳಿಯುವ ಮೊದಲು ಎಲ್ಲರನ್ನೂ ಮೇಲೆ ನಿಲ್ಲಿಸಿ ಇಪ್ಪತ್ತು ನಿಮಿಷ ಕಡಲು ನೋಡಿಸಿ. ತೆರೆಗಳು ಗುಂಪುಗುಂಪಾಗಿ ಬರುತ್ತವೆ. ಹತ್ತು ನಿಮಿಷ ಸುಮ್ಮನಿದ್ದು ಒಮ್ಮೆಗೇ ಮೂರು–ನಾಲ್ಕು ದೊಡ್ಡವು. ಅವುಗಳ ನೀರು ಎಲ್ಲಿಯವರೆಗೆ ಒದ್ದೆ ಮಾಡಿತೋ ಅದಕ್ಕಿಂತ ಮೇಲೆ ನಿಲ್ಲಬೇಕು. ಕರಿ ಬಂಡೆಯ ಮೇಲಿನ ಹಸಿರು ಪಾಚಿ ಅಂದರೆ ದಿನಾ ನೀರು ಬರುವ ಜಾಗ, ಜಾರುತ್ತದೆ. ಕಡಲ್ಕೊರೆತಕ್ಕೆ ಸುರಿದ ಕಲ್ಲಿನ ರಾಶಿ ಮೇಲೆ ಯಾರನ್ನೂ ಹತ್ತಿಸಬೇಡಿ, ಒಳಗೆ ಪೊಳ್ಳು ಇರುತ್ತದೆ. ಉಳ್ಳಾಲದ ಸೋಮೇಶ್ವರದಂಥ ಕಡೆ ಸೆಳೆತ ಜೋರು, ಮೊಣಕಾಲಿಗಿಂತ ಮೇಲೆ ನೀರಿಗೆ ಇಳಿಯುವುದೇ ಬೇಡ.

ಒಬ್ಬ ಸಹಾಯಕನ ಕೆಲಸ ಕಡಲಿಗೆ ಮುಖ ಮಾಡಿ ನಿಲ್ಲುವುದಷ್ಟೇ. ಅವನ ಕೈಯಲ್ಲಿ ಸೀಟಿ ಇರಲಿ, ಕ್ಯಾಮೆರಾ ಬೇಡ. ಸೀಟಿ ಕೇಳಿದರೆ ಟ್ರೈಪಾಡ್ ಬಿಟ್ಟು ಮೇಲೆ ಬರುವುದು ಎಂದು ಮೊದಲೇ ಒಪ್ಪಿಸಿಕೊಳ್ಳಿ. ಆರು ಜನಕ್ಕೆ ಒಬ್ಬ ಕಲಿಸುವವ, ಒಬ್ಬ ನೋಡುವವ. ಅದಕ್ಕಿಂತ ಜಾಸ್ತಿ ಜನ ಬಂಡೆಯ ಮೇಲೆ ಬೇಡ. ಹೈದರಾಬಾದಿನ ಇನ್ಕಾಯ್ಸ್ ಸಂಸ್ಥೆ ಎತ್ತರದ ಅಲೆಯ ಮುನ್ನೆಚ್ಚರಿಕೆ ಕೊಡುತ್ತದೆ, ಹೊರಡುವ ದಿನ ಬೆಳಿಗ್ಗೆ ನೋಡಿ. ಕೇರಳದವರು ಕಳ್ಳಕ್ಕಡಲ್ ಎನ್ನುವುದು ಇದೇ ಕಾರಣಕ್ಕೆ: ದೂರದ ದಕ್ಷಿಣ ಸಾಗರದಲ್ಲಿ ಹುಟ್ಟಿದ ಅಲೆ, ಇಲ್ಲಿ ಗಾಳಿ ಇಲ್ಲದಿದ್ದರೂ ದಡಕ್ಕೆ ನುಗ್ಗುತ್ತದೆ. ತುರ್ತಿಗೆ 112, ಕೋಸ್ಟ್ ಗಾರ್ಡ್ 1554.

ತೋಟದ ಗಂಬೂಟು ಹಾಕಿಕೊಂಡು ಬರುವವರು ಇರುತ್ತಾರೆ. ಬೇಡ. ನೀರು ತುಂಬಿದರೆ ಕಾಲು ಎತ್ತಲಾಗದು. ಹಿಡಿತವಿರುವ ಹಳೆ ಕ್ಯಾನ್ವಾಸ್ ಶೂ ಸಾಕು. ಜಿಗಣೆಗೆ ಹಾಕುವ ಕಾಲುಚೀಲ ತಂದರೆ ಮರಳು ಕಿರಿಕಿರಿ ತಪ್ಪುತ್ತದೆ.

ಒಣಪೆಟ್ಟಿಗೆ
ಕ್ಯಾಮೆರಾ ರಿಪೇರಿಯ ಕಡೆಯಿಂದ ಒಂದು ಮಾತು. ಕೊಡಗಿನವರ ಸಾಮಾನು ಕಡಲ ದಡದಲ್ಲಿ ಹಾಳಾಗುವುದಕ್ಕಿಂತ ಮನೆಗೆ ಬಂದ ಮೇಲೆ ಹಾಳಾಗುವುದೇ ಜಾಸ್ತಿ.

ಅಡುಗೆ ಉಪ್ಪು ಗಾಳಿಯ ತೇವ 75 ಶೇಕಡಾ ದಾಟಿದರೆ ತಾನಾಗಿ ನೀರು ಎಳೆದು ಕರಗುತ್ತದೆ. ಸಮುದ್ರದ ಉಪ್ಪಿನಲ್ಲಿ ಮೆಗ್ನೀಷಿಯಂ ಕ್ಲೋರೈಡೂ ಇರುವುದರಿಂದ ಅದಕ್ಕಿಂತ ಕಡಿಮೆ ತೇವದಲ್ಲೇ ಒದ್ದೆಯಾಗುತ್ತದೆ. ಬಯಲುಸೀಮೆಯಲ್ಲಿ ಒಣಗಿ ಕೂರುವ ಉಪ್ಪು ಮಡಿಕೇರಿಯ ಮಳೆಗಾಲದಲ್ಲಿ ದಿನಾ ನೀರಾಗುತ್ತಾ ಸ್ಕ್ರೂ, ಹಾಟ್ ಶೂ (ಫ್ಲ್ಯಾಶ್ ಕೂರಿಸುವ ಜಾಗ), ಲೆನ್ಸ್ ಮೌಂಟ್ ತಿನ್ನುತ್ತಲೇ ಇರುತ್ತದೆ. ನವೆಂಬರ್‌ನಲ್ಲಿ ಹೋಗಿ ಬಂದ ಟ್ರೈಪಾಡ್ ಜೂನ್‌ನಲ್ಲಿ ಬಿಗಿಯುವುದು ಹೀಗೆ. ಆದ್ದರಿಂದ ಒರೆಸಿದರೆ ಸಾಲದು, ತೊಳೆಯಬೇಕು, ಅದೂ ಘಾಟಿ ಹತ್ತುವ ಮೊದಲು.

ಟ್ರೈಪಾಡ್: ಒಂದು ಬಕೆಟ್ ಸಿಹಿನೀರಿನಲ್ಲಿ ಕಾಲುಗಳನ್ನು ಪೂರ್ತಿ ಎಳೆದು ಹತ್ತು–ಹದಿನೈದು ನಿಮಿಷ ನೆನೆಸಿ, ಮೇಲೆ ಕೆಳಗೆ ಆಡಿಸಿ. ತಿರುಪಿನ ಬೀಗವಾದರೆ ಬಿಚ್ಚಿ. ಒಳಗಿನ ಪ್ಲಾಸ್ಟಿಕ್ ಪಟ್ಟಿ ಯಾವ ಕಡೆಯದು ಎಂದು ಫೋನಿನಲ್ಲಿ ಚಿತ್ರ ತೆಗೆದಿಟ್ಟುಕೊಳ್ಳಿ, ಅದಲುಬದಲಾದರೆ ಕಾಲು ಸುಮ್ಮನೆ ತಿರುಗುತ್ತದೆ. ನೆರಳಿನಲ್ಲಿ ಒಂದು ದಿನ ಒಣಗಿಸಿ, ಹಲ್ಲುಗಳಿಗೆ ತೆಳುವಾಗಿ ಗ್ರೀಸ್. ಡಬ್ಲ್ಯೂಡಿ–40 ಗ್ರೀಸ್ ಅಲ್ಲ, ಇದ್ದ ಗ್ರೀಸನ್ನೂ ತೊಳೆಯುತ್ತದೆ. ಬಾಲ್ ಹೆಡ್ ಮುಳುಗಿಸಬೇಡಿ.

ಕ್ಯಾಮೆರಾ: ಸಿಹಿನೀರಿನಲ್ಲಿ ಅದ್ದಿ ಚೆನ್ನಾಗಿ ಹಿಂಡಿದ ಬಟ್ಟೆ, ಆಮೇಲೆ ಒಣ ಬಟ್ಟೆ. ಫಿಲ್ಟರನ್ನು ಒಣಗಿದ್ದಾಗ ಉಜ್ಜಲೇಬಾರದು, ಉಪ್ಪಿನ ಹರಳು ಕೋಟಿಂಗ್ ಗೀರುತ್ತದೆ. ನಲ್ಲಿ ಕೆಳಗೆ ಹಿಡಿದು ಉಪ್ಪು ಕರಗಿಸಿ ಆಮೇಲೆ ಒರೆಸಿ. ಬ್ಯಾಗನ್ನೂ ತೊಳೆಯಿರಿ, ಸ್ಪಂಜಿನಲ್ಲಿ ಉಪ್ಪು ಕೂತರೆ ಉಳಿದದ್ದೆಲ್ಲ ವ್ಯರ್ಥ. ಕ್ಯಾಮೆರಾ ನೀರಿಗೇ ಬಿದ್ದರೆ ಕೂಡಲೇ ಬ್ಯಾಟರಿ ತೆಗೆಯಿರಿ. "ಕೆಲಸ ಮಾಡುತ್ತಾ ನೋಡೋಣ" ಎಂದು ಆನ್ ಮಾಡಿದರೆ ಕರೆಂಟು ಉಪ್ಪುನೀರಿನಲ್ಲಿ ಹರಿದು ಬೋರ್ಡ್ ಹೋಗುತ್ತದೆ. ಅಕ್ಕಿ ಡಬ್ಬಿಯಲ್ಲಿ ಇಡುವ ಪದ್ಧತಿ ಬಿಡಿ, ಉಪ್ಪು ಒಳಗೇ ಉಳಿಯುತ್ತದೆ, ಜೊತೆಗೆ ಹಿಟ್ಟಿನ ಧೂಳು.

ಶೇಖರಣೆ 40ರಿಂದ 50 ಶೇಕಡಾ ತೇವದಲ್ಲಿರಲಿ. ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟ್ ಇಲ್ಲದ ಊರಿನಲ್ಲಿ ಎಲೆಕ್ಟ್ರಿಕ್ ಡ್ರೈ ಕ್ಯಾಬಿನೆಟ್ ಒಂದನ್ನೇ ನಂಬಬೇಡಿ. ರಬ್ಬರ್ ಅಂಚಿನ ಬಿಗಿ ಡಬ್ಬಿ, ಸಿಲಿಕಾ ಜೆಲ್, ಒಳಗೊಂದು ತೇವ ಅಳೆಯುವ ಹೈಗ್ರೋಮೀಟರ್ ಇರಲಿ. ನೀಲಿ ಜೆಲ್ ಗುಲಾಬಿಯಾದರೆ ಓವನ್ನಿನಲ್ಲಿ 110–120 ಡಿಗ್ರಿಯಲ್ಲಿ ಎರಡು ಗಂಟೆ. ಅದರಲ್ಲಿ ಕೋಬಾಲ್ಟ್ ಇರುವುದರಿಂದ ಅಡುಗೆಯ ಪಾತ್ರೆ ಬಳಸಬೇಡಿ.

ಇನ್ನೊಂದು: ಎ.ಸಿ. ರೂಮಿನಿಂದ ಬೆಳಿಗ್ಗೆ ಐದಕ್ಕೆ ಹೊರಗೆ ತಂದ ಲೆನ್ಸ್ ಮಂಜು ಹಿಡಿಯುತ್ತದೆ. ಬ್ಯಾಗ್ ಮುಚ್ಚಿದಂತೆಯೇ ಅರ್ಧ ಗಂಟೆ ಹೊರಗಿಡಿ. ಇಲ್ಲ, ರಾತ್ರಿ ಬ್ಯಾಗನ್ನು ಎ.ಸಿ. ಇಲ್ಲದ ಕಡೆಯೇ ಇಡಿ.

ವಿರಾಜಪೇಟೆ ಲೆಕ್ಕ
ಹಣ. ಅಂಕಿ ಉದಾಹರಣೆಗೆ ಮಾತ್ರ, ನಿಮ್ಮ ದರ ಹಾಕಿಕೊಳ್ಳಿ. ಜನ ಎಷ್ಟೇ ಬರಲಿ ಆಗುವ ಖರ್ಚು: ವಾಹನ 14,000, ಸಹಾಯಕ 4,000, ನಿಮ್ಮ ರೂಮು–ಊಟ 3,500, ಮೊದಲು ಹೋಗಿ ಜಾಗ ನೋಡಿ ಬರಲು 5,000, ಕೈಮೀಸಲು 3,500. ಒಟ್ಟು 30,000. ತಲೆಗೆ ರೂಮು–ಊಟ 3,000. ನಾಲ್ಕೇ ಜನ ಬಂದರೂ ಕೈಯಿಂದ ಹೋಗಬಾರದು ಎಂದರೆ ತಲೆಗೆ 10,500. ಐದು ಜನ ಬಂದರೆ ನಿಮಗೆ 7,500, ಆರಾದರೆ 15,000.

ವಾಹನ ಹಳದಿ ಬೋರ್ಡಿನದ್ದೇ ಇರಲಿ. ಕಣ್ಣೂರು, ಬೇಕಲ ಆದರೆ ಕೇರಳದ ಪರ್ಮಿಟ್, ತೆರಿಗೆ ಚಾಲಕರ ಹತ್ತಿರ ಕೇಳಿ. ಗುಂಪಿಗೆ ಎರಡು ದಿನದ ಅಪಘಾತ ವಿಮೆ ಮಾಡಿಸಿ. "ನನ್ನ ಹೊಣೆ ನನ್ನದೇ" ಎಂದು ಸಹಿ ಹಾಕಿಸಿಕೊಂಡ ಕಾಗದ ನಿಮ್ಮ ಕಡೆಯ ನಿರ್ಲಕ್ಷ್ಯವನ್ನು ಮುಚ್ಚುವುದಿಲ್ಲ. ಸೇವೆಗೆ ಜಿಎಸ್‌ಟಿ ನೋಂದಣಿ ಮಿತಿ ವರ್ಷಕ್ಕೆ 20 ಲಕ್ಷದ ವಹಿವಾಟು, ಮದುವೆ ಫೋಟೋದ ಆದಾಯವೂ ಅದರಲ್ಲೇ ಸೇರುತ್ತದೆ.

ಸಂಪಾಜೆ ಇಳಿಜಾರು
ಲೆಕ್ಕ ಸರಿ, ಕ್ರಮ ತಪ್ಪು ಸರ್. ನಾಲ್ಕು ಜನ ಬಂದರೆ ಕಲಿಸಿದವನ ಕೂಲಿ ಸೊನ್ನೆ. ತಯಾರಿ ಸೇರಿ ನಾಲ್ಕು ದಿನದ ಕೆಲಸ ಅದು. ಕೂಲಿಯನ್ನೂ ಆ 30,000ದ ಜೊತೆ ಸೇರಿಸಿ ದರ ಇಡಬೇಕು, ಇಲ್ಲದಿದ್ದರೆ ಎರಡನೇ ಕಾರ್ಯಾಗಾರ ನಡೆಯುವುದಿಲ್ಲ.

ವಿರಾಜಪೇಟೆ ಲೆಕ್ಕ
ಮೊದಲ ಸಲಕ್ಕೆ ಹೇಳಿದ್ದು. ಕೂಲಿಯೂ ಸೇರಿ ತಲೆಗೆ 14,000 ಎಂದರೆ, ಹೆಸರು ಗೊತ್ತಿಲ್ಲದವರಿಗೆ ಅಷ್ಟು ಕೊಡುವವರು ಇಲ್ಲಿ ಕಡಿಮೆ. ಕೂಲಿ ಸೇರಿಸುವುದಾದರೆ ಖರ್ಚು ಇಳಿಸಿ: ಕಣ್ಣೂರು ಕಡೆ ಹೋದರೆ ದಾರಿ ಕಮ್ಮಿ, ವಾಹನದಲ್ಲೇ ಉಳಿಯುತ್ತದೆ.

ಗೋಣಿಕೊಪ್ಪದ ಬೆಳಕು
ಹಾಗಾದರೆ ಮಾಕುಟ್ಟದ ದಾರಿ, ಕಣ್ಣೂರು ಕಡೆ. ಕೊನೆಯದಾಗಿ ಎರಡು. ಡ್ರೋನ್ ತರಬಹುದಾ? ಆರು ಜನರನ್ನು ಮರಳಿನಲ್ಲಿ ಹೇಗೆ ನಿಲ್ಲಿಸುವುದು, ಒಬ್ಬರ ಚಿತ್ರದಲ್ಲಿ ಇನ್ನೊಬ್ಬರು ಬರದ ಹಾಗೆ?

ಕರಿಕೆ ದಾರಿ
ಡ್ರೋನ್ ಮನೆಯಲ್ಲೇ ಇರಲಿ. ಕಣ್ಣೂರಿನಲ್ಲಿ ವಿಮಾನ ನಿಲ್ದಾಣ, ಸೇನೆಯ ಕಂಟೋನ್ಮೆಂಟ್, ಉತ್ತರಕ್ಕೆ ಏಳಿಮಲದ ನೌಕಾ ಅಕಾಡೆಮಿ. ತರಲೇಬೇಕು ಎಂದರೆ ಸರ್ಕಾರದ ಡಿಜಿಟಲ್ ಸ್ಕೈ ಡ್ರೋನ್ ನಕ್ಷೆಯಲ್ಲಿ ಆ ಜಾಗದ ಬಣ್ಣ ನೋಡಿ. ಕೆಂಪು, ಹಳದಿ ಇದ್ದರೆ ಅನುಮತಿ ಇಲ್ಲದೆ ಹಾರಿಸುವಂತಿಲ್ಲ. 250 ಗ್ರಾಂ ಒಳಗಿನದ್ದಕ್ಕೂ ಕೆಂಪು ಕೆಂಪೇ.

ಚಿಕ್ಲಿಹೊಳೆ
ಸಾಲಾಗಿ, ನೀರಿನ ಅಂಚಿಗೆ ಸಮನಾಗಿ, ಒಬ್ಬರಿಂದೊಬ್ಬರು ಮೂರು ಮೀಟರ್ ದೂರ. ಯಾರೂ ಸಾಲು ದಾಟಿ ಮುಂದೆ ಹೋಗುವಂತಿಲ್ಲ. ಜಾಗಕ್ಕೆ ನಡೆದು ಹೋಗುವಾಗ ಹಿಂದಿನ ಒಣ ಮರಳಿನ ಮೇಲಿಂದಲೇ ಹೋಗಬೇಕು, ಇಲ್ಲದಿದ್ದರೆ ಎಲ್ಲರ ಮುನ್ನೆಲೆಯಲ್ಲೂ ನಿಮ್ಮದೇ ಹೆಜ್ಜೆ. ಮೊದಲ ಅರ್ಧ ಗಂಟೆ ಟ್ರೈಪಾಡ್ ಬಿಚ್ಚಲು ಬಿಡಬೇಡಿ. ಕೈಯಲ್ಲೇ ಹಿಡಿದು ಎತ್ತರ, ಕೋನ ಹುಡುಕಲಿ. ಕಾಲು ಊರಿದ ಮೇಲೆ ಯಾರೂ ಜಾಗ ಬದಲಿಸುವುದಿಲ್ಲ.